ಅದ್ವೈತನ ಬೆಳವಣಿಗೆಗೆ ನನ್ನ ಕೊಡುಗೆ

ಉಡುಗೊರೆ ಕೊಡುವ ವಿಷಯದಲ್ಲಿ ನಾನು ದಡ್ಡ ಎಂದರೆ ನನ್ನ ಹೆಂಡತಿ ವಿಶಾಲು ಒಪ್ಪುವುದಿಲ್ಲ. "ದಡ್ಡರು ಒಂದೊಂದ್ಸಲ ಅಪ್ಪಿತಪ್ಪಿ ಆದ್ರೂ ಸರಿಯಾದ್ದು ಕೊಡ್ತಾರೆ ರೀ" ಎನ್ನುತ್ತಾಳೆ. ಅವಳ ಮಾತಿನಲ್ಲಿ ಹುರುಳಿದೆ. ನಿವೃತ್ತರಾಗುತ್ತಿದ್ದ ಮ್ಯಾನೇಜರಿಗೆ ಅಲಾರಾಂ ಗಡಿಯಾರ ಕೊಟ್ಟವನು ನಾನು. ಮಾವನವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರವೇ ಎರಡು ಕಿಲೋ ಪೇಡೆ ಹಿಡಿದುಕೊಂಡು ಅವರನ್ನು ನೋಡಲು ಹೋದವನೂ ನಾನೇ. ಆದರೂ ದೊಡ್ಡವರಿಗೆ ಕೊಡುವುದರಲ್ಲಿ ಒಂದು ಅನುಕೂಲವಿದೆ. ಎಂಥ ಕೆಟ್ಟ ಉಡುಗೊರೆಯನ್ನಾದರೂ ಅವರು ಹಲ್ಲು ಕಿರಿದು ತೆಗೆದುಕೊಳ್ಳುತ್ತಾರೆ. "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ" ಎಂದು ಮನಸ್ಸಿನಲ್ಲಿರುವ ಸತ್ಯವನ್ನೇ ಮರ್ಯಾದೆಯ ದನಿಯಲ್ಲಿ ಹೇಳಿ ಅಟ್ಟಕ್ಕೆ ಸೇರಿಸುತ್ತಾರೆ. ಮಕ್ಕಳಿಗೆ ಈ ಶಿಷ್ಟಾಚಾರ ತಿಳಿಯದು. ಅದರಲ್ಲೂ ಒಂದು ವರ್ಷದ ಮಕ್ಕಳಿಗೆ ಕಿರಿಯೋಣವೆಂದರೆ ಹಲ್ಲೂ ಪೂರಾ ಬಂದಿರುವುದಿಲ್ಲ.

ನನ್ನ ಪಾಡಿಗೆ ನಾನು ವಡೋದರಾದ ಮಂಜಲ್‌ಪುರದಲ್ಲಿ, ವಿಮಾ ಕಚೇರಿಯ ವರ್ಗಾವಣೆ ತಂದು ಬಿಸಾಕಿದ ಕಡೆ, ಆರು ವರ್ಷದಿಂದ ಸುಖವಾಗಿಯೇ ಇದ್ದೆ. ಒಬ್ಬಳೇ ಮಗಳು ಸೂರತ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಆ ಸುಖಕ್ಕೆ ಕಲ್ಲು ಬಿದ್ದದ್ದು ನಮ್ಮಣ್ಣನ ಮಗಳು ಪೂರ್ಣಿಮಾಳಿಂದ. ಅವಳ ಗಂಡ ಗುರು ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಕ್ವಾರ್ಟರ್ಸ್. ಗುಜರಾತಿನಲ್ಲಿ ನಮಗೆ ರಕ್ತಸಂಬಂಧ ಅಂತ ಇರುವುದು ಅದೊಂದೇ ಮನೆ. ಅವರ ಮಗ ಅದ್ವೈತ. ಹೆಸರಿಗೆ ತಕ್ಕ ಹಾಗೆ ಅವನಿಗೆ ತಾನು, ಪರ ಎಂಬ ಭೇದವಿಲ್ಲ. ತನ್ನ ಕಾಲಿನ ಹೆಬ್ಬೆರಳನ್ನು ಎಷ್ಟು ಆಸಕ್ತಿಯಿಂದ ಬಾಯಿಗಿಡುತ್ತಾನೋ ಪಕ್ಕದಲ್ಲಿ ಕೂತವರ ಹೆಬ್ಬೆರಳನ್ನೂ ಅಷ್ಟೇ ಆಸಕ್ತಿಯಿಂದ ಇಡುತ್ತಾನೆ. ಆ ಮಗುವಿನ ಮೊದಲ ಹುಟ್ಟುಹಬ್ಬ ನವೆಂಬರಿನಲ್ಲಿ ಎಂದೂ, ನಾವು ತಪ್ಪದೆ ಬರಬೇಕೆಂದೂ ಪೂರ್ಣಿಮಾ ಫೋನು ಮಾಡಿ ಕರೆದಳು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾರನೆಯ ದಿನ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಕಟಣೆ ಬಂತು. ಬ್ಯಾಟರಿ ಆಟಿಕೆ ಬೇಡ, ಪ್ಲಾಸ್ಟಿಕ್ ಬೇಡ, ಸದ್ದು ಮಾಡುವುದು ಬೇಡ, ಬಣ್ಣ ನೆಕ್ಕಿದರೆ ಅಪಾಯವಾಗುವಂಥದ್ದು ಬೇಡ. ತರಲೇಬೇಕೆಂದಿದ್ದರೆ ವಯಸ್ಸಿಗೆ ತಕ್ಕ, ಬೆಳವಣಿಗೆಗೆ ಪೂರಕವಾದ ಆಟಿಕೆ ತನ್ನಿ. ಕೊನೆಯಲ್ಲಿ ಎರಡು ಕೈ ಮುಗಿದ ಚಿತ್ರ.

ಬೆಳವಣಿಗೆಗೆ ಪೂರಕವಾದ ಆಟಿಕೆ ಎಂದರೇನು? ನನಗೆ ತಿಳಿದಂತೆ ಮಕ್ಕಳ ಬೆಳವಣಿಗೆಗೆ ಪೂರಕವಾದದ್ದು ರಾಗಿ ಸರಿ. ನಮ್ಮ ಕಾಲದಲ್ಲಿ ಮಗುವಿನ ಮುಂದೆ ಒಂದು ಸೌಟು, ಒಂದು ತಟ್ಟೆ ಬಿಸಾಕಿ ಅಮ್ಮಂದಿರು ಒಲೆಯ ಮುಂದೆ ಹೋಗುತ್ತಿದ್ದರು. ಮಗು ಬಡಿಯುತ್ತಾ ಕೂತಿದ್ದರೆ ಕ್ಷೇಮ ಎಂದರ್ಥ; ಸದ್ದು ನಿಂತರೆ ಏನನ್ನೋ ನುಂಗಿದೆ ಎಂದರ್ಥ. ಬೆಳವಣಿಗೆಯನ್ನು ಅಳೆಯಲು ಇಷ್ಟೇ ಸಾಧನ. ನಮ್ಮ ಮಗಳು ಕೂಡ ಒಂದು ಹಾಲಿನ ಪುಡಿ ಡಬ್ಬ, ಎರಡು ಚಮಚ ಇವುಗಳ ಬೆಂಬಲದಿಂದಲೇ ಬೆಳೆದು ಈಗ ಸೂರತ್‌ನಲ್ಲಿ ನನಗೆ ಅರ್ಥವಾಗದ ವಿಷಯವೊಂದನ್ನು ಓದುತ್ತಿದ್ದಾಳೆ. ಅವಳಿಗೆ ಫೋನು ಮಾಡಿ ಸಲಹೆ ಕೇಳಿದೆ. "ಅಪ್ಪಾ, ನೀವು ಏನೂ ಆರಿಸಬೇಡಿ, ಪ್ಲೀಸ್, ಅಮ್ಮನ ಕೈಗೆ ಬಿಟ್ಬಿಡಿ" ಎಂದಳು. ತಂದೆಯಾದವನಿಗೆ ಸ್ವಾಭಿಮಾನ ಎಂಬುದೊಂದು ಇರುತ್ತದೆ ನೋಡಿ. ಆ ಕ್ಷಣವೇ ನಾನೇ ಆರಿಸುವುದೆಂದು ತೀರ್ಮಾನಿಸಿದೆ.

ಮೊದಲು ಹೋದದ್ದು ದೊಡ್ಡದೊಂದು ಆಟಿಕೆ ಮಳಿಗೆಗೆ. ಗಾಜಿನ ಬಾಗಿಲು, ಎಸಿ, ಒಳಗೆ ಆಸ್ಪತ್ರೆಯಂಥ ನಿಶ್ಶಬ್ದ. ಆಟಿಕೆಗಳಿಗೂ ನಮ್ಮ ಕಚೇರಿಯ ಹುದ್ದೆಗಳ ಹಾಗೆ ವಯೋಮಿತಿ ಇದೆಯೆಂದು ಅವತ್ತೇ ಗೊತ್ತಾದದ್ದು. ಒಂದರ ಮೇಲೆ ಆರು ತಿಂಗಳು, ಇನ್ನೊಂದರ ಮೇಲೆ ಹನ್ನೆರಡು, ಮತ್ತೊಂದರ ಮೇಲೆ ಮೂವತ್ತಾರು. ನಾನು ಹನ್ನೆರಡರದ್ದೊಂದು ಕೈಗೆತ್ತಿಕೊಂಡೆ. ಪೆಟ್ಟಿಗೆಯ ಮೇಲೆ ಬೇರೆ ಬೇರೆ ಆಕಾರದ ತೂತುಗಳು, ಅದಕ್ಕೆ ಹೊಂದುವ ಮರದ ತುಂಡುಗಳು. ಯಾರೂ ನೋಡುತ್ತಿಲ್ಲವೆಂದು ಒಂದು ತುಂಡನ್ನು ತೂರಿಸಲು ನೋಡಿದೆ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಅಷ್ಟರಲ್ಲಿ ಅಂಗಡಿಯ ಹುಡುಗಿ ಹತ್ತಿರ ಬಂದಳು. ಡಬ್ಬವನ್ನು ಮೆಲ್ಲಗೆ ಹಿಂದಕ್ಕಿಟ್ಟು ಮಗುವಿನ ವಯಸ್ಸು ಹೇಳಿದೆ. ಆಕೆ ತಲೆ ಅಲ್ಲಾಡಿಸಿ, "ಸರ್, ಬೇಬಿ ಕಾ ಪಿನ್ಸರ್ ಗ್ರಾಸ್ಪ್ ಆ ಗಯಾ?" ಎಂದಳು.

ನನಗೆ ಕೇಳಿಸಿದ್ದು 'ಗ್ರಾಸ್' ಅಷ್ಟೇ. ಹುಲ್ಲು ತಿನ್ನುತ್ತಾನೆಯೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡು, ಇದ್ದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಗ್ರಾಸ್ ನಹೀಂ ಖಾತಾ ಹೈ, ಕಭೀ ಕಭೀ ಮಿಟ್ಟೀ ಖಾತಾ ಹೈ" ಎಂದೆ, ಹುಲ್ಲಲ್ಲ, ಆಗಾಗ ಮಣ್ಣು ತಿನ್ನುತ್ತಾನೆ ಎಂಬರ್ಥದಲ್ಲಿ. ಪಾಪ, ಆಕೆ ನಗಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಚಿವುಟಿ ತೋರಿಸಿದಳು. ಮಗು ಸಣ್ಣ ವಸ್ತುವನ್ನು ಹೀಗೆ ಎರಡು ಬೆರಳಲ್ಲಿ ಹಿಡಿದೆತ್ತುವುದಕ್ಕೆ ಆ ಹೆಸರಂತೆ. ಅದು ಬಂದಿದ್ದರೆ ಒಂದು ಬಗೆಯ ಆಟಿಕೆ, ಬಾರದಿದ್ದರೆ ಇನ್ನೊಂದು ಬಗೆ. ನನಗೇನು ಗೊತ್ತು? ನಾನು ಆ ವಯಸ್ಸಿನಲ್ಲಿ ಕಟ್ಟಿರುವೆಗಳನ್ನು ಒಂದೊಂದಾಗಿ ಹಿಡಿದೆತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ ಎಂದು ಅಮ್ಮ ಹೇಳುತ್ತಿದ್ದಳು. ಆ ಲೆಕ್ಕದಲ್ಲಿ ನನ್ನ ಬೆಳವಣಿಗೆ ಬಹಳ ಮುಂದಿತ್ತು. ಅಮ್ಮ ಮಾತ್ರ ಅದಕ್ಕೆ ಬೆನ್ನಿಗೆ ಗುದ್ದುತ್ತಿದ್ದಳು. ಹುಡುಗಿ ಇನ್ನೂ ಐದಾರು ಪ್ರಶ್ನೆ ಕೇಳಿದಳು. ಯಾವುದಕ್ಕೂ ಉತ್ತರ ಬಾರದೆ, ವಿಚಾರಿಸಿಕೊಂಡು ಬರುತ್ತೇನೆಂದು ಹೇಳಿ ತಪ್ಪಿಸಿಕೊಂಡು ಬಂದೆ.

ಮುಂದೆ ಹಳೇ ಪೇಟೆಯ ಅಂಗಡಿ. ಅಲ್ಲಿ ಇಂಥ ಮೌಖಿಕ ಪರೀಕ್ಷೆ ಇಲ್ಲ. ಅಂಗಡಿಯವನು ನಾನು ಬಾಯಿ ತೆರೆಯುವ ಮೊದಲೇ ಒಂದು ಬೊಂಬೆಯನ್ನು ಮೇಜಿನ ಮೇಲೆ ಕುಕ್ಕಿ, "ಲಯಿ ಜಾವೋ ಕಾಕಾ, ಮಗಜ್ ತೇಜ್ ಥಶೆ" ಎಂದ. ಮಗುವಿನ ಮಿದುಳು ಚುರುಕಾಗುತ್ತದಂತೆ. ಅದೊಂದು ಹಸಿರು ಕಳ್ಳಿಗಿಡದ ಬೊಂಬೆ; ಗುಂಡಿ ಒತ್ತಿದರೆ ಸೊಂಟ ಬಳುಕಿಸಿ ಕುಣಿಯುತ್ತದೆ, ನಾವು ಏನು ಹೇಳಿದರೂ ಅದನ್ನೇ ಕೀರಲು ದನಿಯಲ್ಲಿ ತಿರುಗಿ ಹೇಳುತ್ತದೆ. ಅದರ ಗದ್ದಲಕ್ಕೆ ಬೇಸತ್ತು ನಾನು "ಸಾಕು ನಿಲ್ಲಿಸಪ್ಪಾ" ಎಂದೆ. ಅದೂ ಸೊಂಟ ಬಳುಕಿಸುತ್ತಾ "ಸಾಕು ನಿಲ್ಲಿಸಪ್ಪಾ" ಎಂದಿತು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿತು. ಆರು ವರ್ಷದಲ್ಲಿ ವಡೋದರಾದ ಪೇಟೆಯಲ್ಲಿ ನನಗೆ ಕನ್ನಡದಲ್ಲಿ ಉತ್ತರ ಕೊಟ್ಟ ಮೊದಲ ಜೀವಿ ಅದು. ಅದನ್ನೇ ಕೊಳ್ಳುವುದೆಂದು ಕೈ ಚಾಚಿದೆ. ಬ್ಯಾಟರಿ, ಪ್ಲಾಸ್ಟಿಕ್, ಸದ್ದು ಮೂರೂ ಒಂದರಲ್ಲೇ ಇವೆಯೆಂದು ಆಮೇಲೆ ನೆನಪಾಗಿ, ಆ ಏಕೈಕ ಕನ್ನಡಿಗನನ್ನು ಅಲ್ಲೇ ಬಿಟ್ಟು ಬಂದೆ.

ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯ ಜಿಗ್ನೇಶ್‌ಭಾಯಿಗೆ ಎಲ್ಲ ಹೇಳಿಕೊಂಡೆ. ಆತನ ಅತ್ತೆಮನೆ ಸಂಖೇಡಾ ಊರಿನ ಹತ್ತಿರ. ಮರ ಕಡೆದು ಅರಗಿನ ಬಣ್ಣ ಕಟ್ಟುವುದಕ್ಕೆ ಹೆಸರಾದ ಊರು ಅದು. ಉಯ್ಯಾಲೆ, ಮಂಚ, ಕುರ್ಚಿ ಎಲ್ಲ ಅಲ್ಲಿ ಕುಂಕುಮ ಬಣ್ಣದಲ್ಲಿ ಮದುಮಕ್ಕಳ ಹಾಗೆ ಹೊಳೆಯುತ್ತವೆ. "ಭಾನುವಾರ ನಾನು ಹೋಗ್ತಾ ಇದೀನಿ, ನೀವೂ ಬನ್ನಿ ಸಾಹೇಬ್" ಎಂದು ಹಿಂದಿಯಲ್ಲಿ ಕರೆದ. ಹೋದೆವು. ಅಲ್ಲಿ ಒಬ್ಬ ಮುದುಕ ಮಗುವಿನ ನಡೆಗಾಡಿ ಮಾಡಿಟ್ಟಿದ್ದ. ಮೂರು ಗಾಲಿ, ಹಿಡಿದು ನಿಲ್ಲಲು ಒಂದು ಅಡ್ಡಪಟ್ಟಿ. ಮಗು ತಳ್ಳಿಕೊಂಡು ಹೆಜ್ಜೆ ಹಾಕುವಂಥದ್ದು. ಎಷ್ಟು ಚೆನ್ನಾಗಿತ್ತೆಂದರೆ, ಯಾರೂ ಇಲ್ಲದಿದ್ದರೆ ನಾನೇ ಒಂದು ಸುತ್ತು ತಳ್ಳಿಬಿಡುತ್ತಿದ್ದೆ. ಆದರೂ ಪೂರ್ಣಿಮಾಳ ಪ್ರಕಟಣೆ ನೆನಪಾಗಿ, ಬಣ್ಣ ನೆಕ್ಕಿದರೆ ಏನೂ ಆಗುವುದಿಲ್ಲವೇ ಎಂದು ಜಿಗ್ನೇಶನ ಮೂಲಕ ಕೇಳಿಸಿದೆ. ಮುದುಕ ಗಾಡಿಯನ್ನೆತ್ತಿ ಒಂದು ಗಾಲಿಯನ್ನು ಉದ್ದಕ್ಕೆ ನೆಕ್ಕಿ ಕೆಳಗಿಟ್ಟ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಕಂಪನಿಯವರು ಕೊಟ್ಟಾರು? ಕೊನೆಗೆ, ಇದು ಮಗುವಿನ ಯಾವ ಬೆಳವಣಿಗೆಗೆ ಪೂರಕ ಎಂದೂ ಕೇಳಿಸಿದೆ. ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಭೋ ಥಶೆ, ಪಡಶೆ, ಪಾಛೋ ಊಭೋ ಥಶೆ" ಎಂದ. ಏಳುತ್ತಾನೆ, ಬೀಳುತ್ತಾನೆ, ಮತ್ತೆ ಏಳುತ್ತಾನೆ. ನಾನು ಗಾಡಿಯನ್ನು ಹೊತ್ತುಕೊಂಡೇ ಮನೆಗೆ ಬಂದೆ. ವಿಶಾಲು ಮುದುಕನ ಪ್ರಮಾಣಪತ್ರದ ಕಥೆ ಕೇಳಿ ಆ ಗಾಲಿಯನ್ನು ಬಿಸಿನೀರಲ್ಲಿ ಮೂರು ಸಲ ತೊಳೆದಳು. ಆದರೆ ಗಾಡಿಯನ್ನು ದೂರವಿಟ್ಟು ನೋಡಿ, "ಪರವಾಗಿಲ್ಲ ರೀ, ಈ ಸಲ ಮನುಷ್ಯರು ತರೋ ಅಂಥದ್ದು ತಂದಿದೀರಿ" ಎಂದಳು. ಮದುವೆಯಾದ ಮೇಲೆ ನನಗೆ ಸಿಕ್ಕಿದ ಅತಿ ದೊಡ್ಡ ಹೊಗಳಿಕೆ ಅದು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ರೈಲಿನಲ್ಲಿ ಹೊರಟೆವು. ಗಾಡಿಯನ್ನು ಯಾವ ಬಣ್ಣದ ಕಾಗದದಲ್ಲೂ ಸುತ್ತಲಾಗದೆ ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದ್ದೆವು. ಹೊರಗಿನಿಂದ ನೋಡಿದರೆ ಕಾಲು ಮಡಿಸಿದ ಆಡಿನ ಹಾಗೆ ಕಾಣುತ್ತಿತ್ತು. ಬೋಗಿಯಲ್ಲಿ ಕೂತವರೆಲ್ಲ ಒಬ್ಬರಾದ ಮೇಲೊಬ್ಬರು "ಆ ಶೂಂ ಛೇ, ಕಾಕಾ?" ಎಂದು ಕೇಳಿದರು. ಇದೇನೆಂದು ಬಿಚ್ಚಿ ತೋರಿಸಿದ್ದೇ ತಪ್ಪಾಯಿತು. ಎದುರು ಸೀಟಿನ ಮಗುವೊಂದು ಅದನ್ನು ಹಿಡಿದುಕೊಂಡು ಆಣಂದ್‌ನಿಂದ ಅಹಮದಾಬಾದಿನವರೆಗೂ ಬಿಡಲಿಲ್ಲ. ಇಳಿಯುವಾಗ ಕಿತ್ತುಕೊಳ್ಳಬೇಕಾಯಿತು. ಆ ಮಗುವಿನ ಕೂಗು ಪ್ಲಾಟ್‌ಫಾರಂ ದಾಟುವವರೆಗೂ ಕೇಳುತ್ತಿತ್ತು. ನನಗೆ ಮಾತ್ರ ಒಳಗೊಳಗೇ ಖುಷಿ. ಅಪರಿಚಿತ ಮಗುವೇ ಇಷ್ಟು ಅತ್ತರೆ ನಮ್ಮ ಅದ್ವೈತ ಎಷ್ಟು ನಗಬೇಡ!

ಚಾಂದ್‌ಖೇಡಾದ ಮನೆಯಲ್ಲಿ ಆಗಲೇ ಕ್ವಾರ್ಟರ್ಸಿನ ಜನವೆಲ್ಲ ಸೇರಿತ್ತು. ಅದ್ವೈತ ರೇಷ್ಮೆ ಜುಬ್ಬಾ ತೊಟ್ಟು ಜಮಖಾನದ ನಡುವೆ ಪೀಠಾಧಿಪತಿಯಂತೆ ಕೂತಿದ್ದ. ಅವನ ಸುತ್ತ ಬೆಳವಣಿಗೆಗೆ ಪೂರಕವಾದ ಆಟಿಕೆಗಳ ರಾಶಿ. ಪೂರ್ಣಿಮಾಳ ಪ್ರಕಟಣೆ ನೆರೆಹೊರೆಗೂ ತಲುಪಿತ್ತೆಂದು ಕಾಣುತ್ತದೆ. ಬಳೆಗಳನ್ನು ಒಂದರ ಮೇಲೊಂದು ಜೋಡಿಸುವ ಒಂದೇ ಥರದ ಮರದ ಗೋಪುರವನ್ನು ಐದು ಮನೆಯವರು ತಂದಿದ್ದರು. ಮಗು ಅವುಗಳಲ್ಲಿ ಒಂದನ್ನೂ ಮುಟ್ಟದೆ, ಬಂದವರ ಚಪ್ಪಲಿಯ ಕಡೆಗೆ ಆಸೆಯಿಂದ ನೋಡುತ್ತಿತ್ತು. ಕೇಕು, ಆರತಿ ಎಲ್ಲ ಮುಗಿದ ಮೇಲೆ ನಾನು ಎಲ್ಲರ ನಡುವೆ ಬೆಡ್‌ಶೀಟನ್ನು ಮಂತ್ರವಾದಿಯ ಗತ್ತಿನಲ್ಲಿ ಎಳೆದೆ. ಗಾಡಿ ಥಳಥಳ ಹೊಳೆಯಿತು.

ಪಕ್ಕದ ಮನೆಯಾಕೆಯ ಮಗಳು, ಅದ್ವೈತನಿಗಿಂತ ಹದಿನೈದು ದಿನ ಚಿಕ್ಕವಳು, ಪುಟುಪುಟು ನಡೆದು ಬಂದು ಗಾಡಿ ಹಿಡಿದಳು. ಅವಳ ತಾಯಿ ನಗುತ್ತಾ, "ಅಚ್ಛಾ ಕಿಯಾ ಅಂಕಲ್, ಯೇ ತೋ ಅಭೀ ತಕ್ ಚಲಾ ನಹೀಂ ನಾ" ಎಂದಳು. ಇವನು ಇನ್ನೂ ನಡೆದಿಲ್ಲವಲ್ಲ, ಒಳ್ಳೆಯದೇ ಮಾಡಿದಿರಿ ಎಂದು. ಆಕೆ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಪೂರ್ಣಿಮಾಳ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ಗುರುವಿನ ಕೈಗಿತ್ತು ಒಳಕೋಣೆಗೆ ಹೋಗಿಬಿಟ್ಟಳು. ಗುರು ತಟ್ಟೆ ಹಿಡಿದು ನನ್ನನ್ನೇ ನೋಡುತ್ತಾ ನಿಂತ. ಆಗ ಎದ್ದು ಬಂದವರು ಗುರುವಿನ ತಾಯಿ, ಹಾವೇರಿ ಕಡೆಯ ಸರೋಜಮ್ಮನವರು.

"ಏನ್ರಿ ಬೀಗರ," ಎಂದರು, "ನಮ್ಮ ಹುಡುಗಗ ಕಾಲಿಲ್ಲಂತ ಗಾಡಿ ತಂದೀರೇನ್ರಿ?"

"ಛೆ, ಛೆ, ಹಾಗಲ್ಲ ಬೀಗಿತ್ತಿಯವರೇ, ಇದು ಬೆಳವಣಿಗೆಗೆ..."

"ಏನ ಬೆಳವಣಿಗಿ? ನಮ್ಮ ಮನಿತನದಾಗ ಎಲ್ಲಾರೂ ತಡಾನ ನಡದಾರ. ಇವರಪ್ಪ ನಡದದ್ದ ಒಂದೂವರಿ ವರ್ಷಕ್ಕ. ಈಗೇನ ಕುಂಟಾಕ್ಹತ್ಯಾನೇನ?"

ಜನರೆಲ್ಲ ಒಮ್ಮೆಲೇ ಗುರುವಿನ ಕಾಲು ನೋಡಿದರು. ಪಾಪ, ಅವನು ಎರಡೂ ಕಾಲನ್ನು ಸರಿಯಾಗಿ ಜೋಡಿಸಿ ನಿಂತ. ವಿಶಾಲು ನನ್ನ ರಟ್ಟೆ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು.

ಪೂರ್ಣಿಮಾ ಮಂಚದ ಮೇಲೆ ಕೂತು ಅಳುತ್ತಿದ್ದಳು. ನಮ್ಮಣ್ಣನ ಮಗಳನ್ನು ನಾನು ಎತ್ತಿ ಆಡಿಸಿದವನು; ಅವಳು ಅತ್ತದ್ದನ್ನು ನೋಡಿ ಇಪ್ಪತ್ತು ವರ್ಷವಾಗಿತ್ತು. "ನೀವೂ ಅದನ್ನೇ ಹೇಳೋಕ್ಕೆ ಬಂದ್ರಾ ಚಿಕ್ಕಪ್ಪ?" ಎಂದಳು. ಆಮೇಲೆ ಎಲ್ಲವೂ ಹೊರಬಂತು. ಕ್ವಾರ್ಟರ್ಸಿನಲ್ಲಿ ಇವನ ಜೊತೆ ಹುಟ್ಟಿದ ನಾಲ್ಕು ಮಕ್ಕಳೂ ನಡೆಯುತ್ತಿವೆ. ಇವನು ಗೋಡೆ ಹಿಡಿದು ನಿಲ್ಲುತ್ತಾನೆ, ಕೈ ಬಿಡುವುದಿಲ್ಲ. ಡಾಕ್ಟರು ಮಗು ಚೆನ್ನಾಗಿದೆ, ಒಂದೂವರೆ ವರ್ಷದವರೆಗೂ ಕಾಯಬಹುದು ಎಂದು ಎರಡು ಸಲ ಹೇಳಿದ್ದಾರೆ. ಹೊರಗೆ ಕಾಲಿಟ್ಟರೆ ಮಾತ್ರ ದಿನವೂ ಒಬ್ಬರು 'ಇನ್ನೂ ಇಲ್ವಾ' ಎಂದು ಕೇಳುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಅವಳು ಅಂಟಿಸಿದ ಪಟ್ಟಿಯಲ್ಲಿ ಮಗುಚಿಕೊಂಡದ್ದು, ಕೂತದ್ದು, ಅಂಬೆಗಾಲಿಟ್ಟದ್ದು ಎಲ್ಲದರ ಮುಂದೆಯೂ ಗುರುತು ಬಿದ್ದಿದೆ, ನಡಿಗೆಯ ಮುಂದೆ ಖಾಲಿ. ಹಾಲು ತೆಗೆಯಲು ಹೋದಾಗಲೆಲ್ಲ ಆ ಖಾಲಿ ಜಾಗವೇ ಕಾಣುತ್ತದಂತೆ. "ಅದಕ್ಕೇ ಒಳ್ಳೆ ಆಟಿಕೆ ತನ್ನಿ ಅಂದೆ. ಅದರಿಂದಾದ್ರೂ ಏನಾದ್ರೂ ಆಗುತ್ತೇನೋ ಅಂತ."

ನನಗೆ ನಾಚಿಕೆಯಾಯಿತು. ಮೂರು ವಾರ ಅಂಗಡಿ ಅಂಗಡಿ ಅಲೆದಿದ್ದೆ, ಗಾಲಿ ನೆಕ್ಕಿಸಿದ್ದೆ. ಒಂದು ಸಲವಾದರೂ ಇವಳಿಗೆ ಫೋನು ಮಾಡಿ, ಮಗು ಹೇಗಿದೆಯಮ್ಮಾ, ಏನು ಮಾಡುತ್ತಾನೆ ಎಂದು ಕೇಳಿರಲಿಲ್ಲ. ಅಂಗಡಿಯ ಹುಡುಗಿ ಐದಾರು ಪ್ರಶ್ನೆ ಕೇಳಿದಾಗಲೂ ನನಗೆ ಹೊಳೆಯಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ನೋಡು ಪುಟ್ಟಿ, ನಾನು ನಡೆದದ್ದು ಇಪ್ಪತ್ತು ತಿಂಗಳಿಗೆ. ನಿಮ್ಮಜ್ಜಿ ಹೇಳ್ತಿದ್ರು. ಅಲ್ಲೀವರೆಗೂ ಕುಂಡಿ ಮೇಲೆ ಕೂತ್ಕೊಂಡೇ ಮನೆಯೆಲ್ಲ ತೆವಳ್ತಿದ್ನಂತೆ. ನೆಲ ಸಾರಿಸೋ ಕೆಲಸ ಉಳೀತು ಅಂತ ಅಮ್ಮ ಖುಷಿಯಾಗಿದ್ಲು. ಆಮೇಲೆ ನಡೀಲಿಲ್ವಾ? ನಡ್ಕೊಂಡು ನಡ್ಕೊಂಡು ತುಮಕೂರಿಂದ ಗುಜರಾತ್‌ವರೆಗೂ ಬಂದೆ."

"ನೀವು ಟ್ರೈನಲ್ಲಿ ಬಂದ್ರಿ ಚಿಕ್ಕಪ್ಪ," ಎಂದಳು ಮೂಗೊರೆಸಿಕೊಳ್ಳುತ್ತಾ.

"ಸ್ಟೇಷನ್‌ವರೆಗೆ ನಡೆದೆ."

ಅವಳು ಅಳುವಿನ ನಡುವೆ ಒಂದು ಸಲ ನಕ್ಕಳು. ಆಮೇಲೆ ಅನುಮಾನದಿಂದ ವಿಶಾಲುವಿನ ಕಡೆ ತಿರುಗಿ, "ನಿಜವಾ ಚಿಕ್ಕಮ್ಮ? ಇಪ್ಪತ್ತು ತಿಂಗಳಾ?" ಎಂದಳು. ವಿಶಾಲು, "ನಿಜ ಕಣೆ. ಕಾಲು ಇಪ್ಪತ್ತು ತಿಂಗಳಿಗೆ ಬಂತು. ಬುದ್ಧಿ ಇನ್ನೂ ಅಂಬೆಗಾಲಿಡ್ತಾ ಇದೆ, ಇವತ್ತು ನೀನೇ ನೋಡಿದ್ಯಲ್ಲ" ಎಂದಳು. ಈಗ ಇಬ್ಬರೂ ಸೇರಿ ನಕ್ಕರು. ನನ್ನ ಖರ್ಚಿನಲ್ಲಾದರೂ ಮನೆಯಲ್ಲಿ ಶಾಂತಿ ನೆಲೆಸಿತೆಂದು ನಾನೂ ನಕ್ಕೆ. ಹೊರಗೆ ಬರುವಾಗ ಪೂರ್ಣಿಮಾ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಕಿತ್ತು ಡ್ರಾಯರಿನೊಳಗೆ ತುರುಕಿದಳು. ಹರಿದು ಹಾಕಲಿಲ್ಲ, ಅಷ್ಟು ಬೇಗ ಯಾರ ಭಕ್ತಿಯೂ ಬಿಡುವುದಿಲ್ಲ.

ಆಮೇಲೆ ನಮಗೆ ವಾಟ್ಸಾಪಿನಲ್ಲಿ ಗಾಡಿಯ ಸಮಾಚಾರ ಬರುತ್ತಿತ್ತು. ಅದ್ವೈತ ಅದನ್ನು ತಳ್ಳಲಿಲ್ಲ. ಅಡಿಮೇಲು ಮಾಡಿ ಅದರ ಮುಂದೆ ಕೂತು ಗಾಲಿಯನ್ನು ಒಂದು ಬೆರಳಲ್ಲಿ ತಿರುಗಿಸುತ್ತಾ, ಅದು ನಿಲ್ಲುವವರೆಗೂ ದಿಟ್ಟಿಸಿ, ಮತ್ತೆ ತಿರುಗಿಸುತ್ತಿದ್ದ. ಅಪ್ಪನ ಹಾಗೆ ಎಂಜಿನಿಯರ್ ಆಗುತ್ತಾನೆ ಎಂದು ಗುರು ಬರೆದ. ನನ್ನ ಮೇಲಿನ ಸಿಟ್ಟು ಆರಿರದ ಸರೋಜಮ್ಮನವರು ಅದರ ಅಡ್ಡಪಟ್ಟಿಯ ಮೇಲೆ ಮಗುವಿನ ಲಂಗೋಟಿ ಒಣಹಾಕತೊಡಗಿದರು. ಸಂಖೇಡಾದ ಮುದುಕ ಇದನ್ನು ನೋಡಿದ್ದರೆ ನೆಕ್ಕಿದ್ದನ್ನು ವಾಪಸು ತೆಗೆದುಕೊಳ್ಳುತ್ತಿದ್ದನೋ ಏನೋ. ನಾನು ಮಾತ್ರ ಈಗ ವಾರಕ್ಕೊಮ್ಮೆ ಫೋನು ಮಾಡಿ, ಮಗು ಊಟ ಮಾಡಿತೇ, ನಿದ್ದೆ ಮಾಡಿತೇ ಎಂದು ಕೇಳುತ್ತಿದ್ದೆ. ನಡೆಯಿತೇ ಎಂದು ಕೇಳುತ್ತಿರಲಿಲ್ಲ. ಅಷ್ಟು ಬುದ್ಧಿ ಎದ್ದು ನಿಂತಿತ್ತು.

ಜನವರಿಯಲ್ಲಿ ಸಂಕ್ರಾಂತಿಗೆ ಮತ್ತೆ ಕರೆ ಬಂತು. ಹಬ್ಬದ ದಿನ ಚಿಕ್ಕ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ತುಂಡು ಎರೆಯುವ ಶಾಸ್ತ್ರವಿದೆಯಲ್ಲ, ಅದಕ್ಕೆ. ಆದರೆ ಗುಜರಾತಿನಲ್ಲಿ ಅವತ್ತು ಉತ್ತರಾಯಣ; ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ, ನೆಲದ ಮೇಲೆ ಉಳಿಯುವುದು ನಾಯಿಗಳು ಮಾತ್ರ. ಹಾಗಾಗಿ ಶಾಸ್ತ್ರವೂ ತಾರಸಿಯಲ್ಲೇ ನಡೆಯಿತು. ಜಮಖಾನ, ಗಾಡಿ, ಲಂಗೋಟಿ ಎಲ್ಲ ಮೇಲೆ ಬಂದಿದ್ದವು. ಸರೋಜಮ್ಮನವರು ಸೇರಿನಿಂದ ಎಲಚಿ ಹಣ್ಣು ಸುರಿದರು. ಒಂದು ಹಣ್ಣು ಅದ್ವೈತನ ಮೂಗಿನ ಮೇಲೆ ಬಿದ್ದು, ಅವನು ಅದನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿದ. ಅಜ್ಜಿ ಥಟ್ಟನೆ ಕಸಿದುಕೊಂಡರು. ಬೀಜ ಗಂಟಲಿಗೆ ಸಿಕ್ಕೀತೆಂದು. ಆಮೇಲೆ ಎಲ್ಲರೂ ಗಾಳಿಪಟಕ್ಕೆ ಹೊರಳಿದರು. ಪೂರ್ಣಿಮಾ ಆಚೆ ಮೂಲೆಯಲ್ಲಿ ಗುರುವಿಗೆ ದಾರದ ಉಂಡೆ ಹಿಡಿದು ನಿಂತಳು. ಮಗು ನನ್ನ ಸುಪರ್ದಿಗೆ ಬಂತು.

ಬಿಸಿಲಿಗೆಂದು ನಾನು ಗುರುವಿನ ಕಪ್ಪು ಕನ್ನಡಕ ಹಾಕಿಕೊಂಡಿದ್ದೆ. ತಲೆಗೆ ಯಾರೋ ಹಂಚಿದ ಕಾಗದದ ಟೋಪಿ. ಬಾಯಲ್ಲಿ ಹಬ್ಬಕ್ಕೆಂದು ಎಲ್ಲರೂ ಊದುವ ಪ್ಲಾಸ್ಟಿಕ್ ಪೀಪಿ. ಅದ್ವೈತ ತಾರಸಿಯ ಗೋಡೆ ಹಿಡಿದು ನಿಂತು ಆಕಾಶ ನೋಡುತ್ತಿದ್ದ. ಲಂಗೋಟಿ ಒಣಗಿಸುವುದಕ್ಕೆ ನಾನು ಅಷ್ಟು ದೂರದಿಂದ ಗಾಡಿ ಹೊತ್ತು ತಂದೆನೇ ಎಂದು ನನಗೆ ಮನಸ್ಸು ತಡೆಯಲಿಲ್ಲ. ಲಂಗೋಟಿಗಳನ್ನು ಪಕ್ಕಕ್ಕಿಟ್ಟು, ಬಗ್ಗಿ, ಅಡ್ಡಪಟ್ಟಿ ಹಿಡಿದು, "ನೋಡೋ ರಾಜಾ, ಹೀಗೆ ತಳ್ಳಬೇಕು" ಎಂದು ಅವನ ಕಡೆಗೇ ತಳ್ಳಿಕೊಂಡು ಹೊರಟೆ. ಗಾಲಿಗಳು ಸಿಮೆಂಟಿನ ಮೇಲೆ ಗಡಗಡ ಸದ್ದು ಮಾಡಿದವು. ಉತ್ಸಾಹಕ್ಕೆ ಒಂದು ಸಲ ಪೀಪಿಯನ್ನೂ ಊದಿದೆ.

ಅದ್ವೈತ ತಿರುಗಿ ನೋಡಿದ. ಕಪ್ಪು ಕಣ್ಣಿನ, ಮೊನಚು ತಲೆಯ, ಬಾಯಿಂದ ಕೂಗು ಹೊರಡಿಸುವ ಪ್ರಾಣಿಯೊಂದು ಬೆನ್ನು ಬಗ್ಗಿಸಿ ಗಡಗಡನೆ ತನ್ನತ್ತ ಬರುತ್ತಿದೆ. ಅವನ ತುಟಿ ಅದುರಿತು. ಗೋಡೆಯನ್ನು ನೋಡಿದ, ನನ್ನನ್ನು ನೋಡಿದ, ದೂರದಲ್ಲಿದ್ದ ಅಮ್ಮನನ್ನು ನೋಡಿದ. ಗೋಡೆಯಿಂದ ಕೈ ಬಿಟ್ಟ. ಎರಡು ಕೈಗಳನ್ನೂ ಮೇಲೆತ್ತಿಕೊಂಡು ಒಂದು, ಎರಡು, ಮೂರು, ನಾಲ್ಕು, ಐದು, ಆರು ಹೆಜ್ಜೆ ಓಲಾಡುತ್ತಾ ನಡೆದುಹೋಗಿ ಪೂರ್ಣಿಮಾಳ ಕಾಲನ್ನು ತಬ್ಬಿಕೊಂಡು ಕಿಟಾರನೆ ಕಿರುಚಿದ.

ಪೂರ್ಣಿಮಾ ದಾರದ ಉಂಡೆ ಕೈಬಿಟ್ಟಳು. ಗುರುವೂ ಕೈಬಿಟ್ಟ ಗಾಳಿಪಟ ದಾರದ ಸಮೇತ ಚಾಂದ್‌ಖೇಡಾ ದಾಟಿ ಹೋಯಿತು. ಅವನು ಅದರ ಕಡೆ ನೋಡಲೂ ಇಲ್ಲ. "ನಡೆದ! ಚಿಕ್ಕಪ್ಪ, ಇವನು ನಡೆದ!" ಎಂದು ಅವಳು ಮಗುವನ್ನೆತ್ತಿ ನಗುತ್ತಾ ಅಳುತ್ತಾ ಸುತ್ತಿದಳು. ಪಕ್ಕದ ತಾರಸಿಗಳವರೂ, ಏನಾಯಿತೆಂದು ತಿಳಿಯದೆಯೇ, ಚಪ್ಪಾಳೆ ತಟ್ಟಿದರು. ನಾನು ಗಾಡಿ ಹಿಡಿದು ಬಗ್ಗಿದವನು ಬಗ್ಗಿದ ಹಾಗೆಯೇ ಇದ್ದೆ. ಸಂತೋಷದಿಂದ ಅಲ್ಲ, ಸೊಂಟ ಹಿಡಿದುಕೊಂಡಿತ್ತು.

ಆಮೇಲೆ ಊಟಕ್ಕೆ ಕೂತಾಗ ಶ್ರೇಯಸ್ಸಿನ ಹಂಚಿಕೆ ನಡೆಯಿತು. "ಬಾರಿಹಣ್ಣ ಎರದದ್ದಕ್ಕ ನಡದಾನ" ಎಂದರು ಸರೋಜಮ್ಮನವರು. ಬರಿಗಾಲಲ್ಲಿ ಬಿಟ್ಟದ್ದರಿಂದ ಎಂದ ಗುರು. ಗಾಡಿಯ ಗಾಲಿ ತಿರುಗಿಸಿ ತಿರುಗಿಸಿ ಧೈರ್ಯ ಬಂದಿತ್ತು ಎಂದು ವಿಶಾಲು ನನ್ನ ಮರ್ಯಾದೆ ಉಳಿಸಲು ನೋಡಿದಳು. ಪೂರ್ಣಿಮಾ ಯಾವುದನ್ನೂ ಅಲ್ಲಗಳೆಯದೆ, ಮಡಿಲಲ್ಲಿದ್ದ ಮಗನ ಪಾದವನ್ನು ಸವರುತ್ತಾ ಕೂತಿದ್ದಳು. ಡ್ರಾಯರಿನಿಂದ ಪಟ್ಟಿ ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಿಜ ಗೊತ್ತಿದ್ದದ್ದು ನನಗೂ ಅದ್ವೈತನಿಗೂ ಮಾತ್ರ, ಅವನಿಗಿನ್ನೂ ಮಾತು ಬಂದಿರಲಿಲ್ಲ.

ಈಗ ಅದೇ ವಿಷಯ ಶುರುವಾಗಿದೆ. ಅವನು ಮನೆಯೆಲ್ಲ ಓಡಾಡುತ್ತಾನೆ, ಆದರೆ ಮಾತು ಇನ್ನೂ ಸ್ಪಷ್ಟವಿಲ್ಲವಂತೆ. ಮುಂದಿನ ತಿಂಗಳು ಬರುತ್ತೇವೆ, ಮಾತಿಗೆ ಪೂರಕವಾದ ಆಟಿಕೆ ಏನಾದರೂ ತರಲೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ಪೂರ್ಣಿಮಾ, "ಏನೂ ತರಬೇಡಿ ಚಿಕ್ಕಪ್ಪ, ನೀವು ಬಂದ್ರೆ ಸಾಕು" ಎಂದಳು. ಇದನ್ನು ಪ್ರೀತಿಯಿಂದ ಹೇಳಿದಳೋ, ಚಿಕಿತ್ಸೆಯೆಂದು ಹೇಳಿದಳೋ ನಾನು ವಿಚಾರಿಸಲು ಹೋಗಿಲ್ಲ.